ಬೇವಿನಮರದ ಓಣಿಯೋ ರಸ್ತೆಯೋ ಎಂಬ ಮಹಾಕದನ

ಕೃತ, ತ್ರೇತಾ, ದ್ವಾಪರಗಳು ಸಂದು, ಡಾಂಬರೆಂಬ ಕೃಷ್ಣವರ್ಣದ ಲೇಪವು ಭೂದೇವಿಯ ಮೈಗೆ ಅಲ್ಲಲ್ಲಿ ಮೆತ್ತಿಕೊಂಡು ಅಲ್ಲಲ್ಲಿ ಕಿತ್ತುಬರುತ್ತಿದ್ದ ಈ ಕಲಿಯುಗದಲ್ಲಿ, ಧಾರವಾಡ ಸೀಮೆಯೊಳಗೆ ನವಿಲಗಟ್ಟಿಯೆಂಬ ಪಟ್ಟಣವಿರಲಾಗಿ, ಎಲೆ ವಾಗ್ದೇವಿಯೇ, ಆ ಪಟ್ಟಣದ ಶ್ವಾನಸೇನಾಭಯಂಕರನೂ, ಮಳೆಬಿಸಿಲುಗಳಿಗೆ ಮಣಿಯದ ದ್ವಿಚಕ್ರರಥಾರೂಢನೂ, ಮೂವತ್ತನಾಲ್ಕು ಸಂವತ್ಸರ ಪರ್ಯಂತ ಒಂದು ಕಾಗದವನ್ನೂ ತಪ್ಪು ಬಾಗಿಲಿಗೆ ಹಾಕದವನೂ ಆದ ನಿವೃತ್ತ ಪೋಸ್ಟ್‌ಮನ್ ಗದಿಗೆಪ್ಪ ಹೂಗಾರನ ಕದನವನ್ನು ಬಣ್ಣಿಸುವ ಶಕ್ತಿಯನ್ನು ನನ್ನ ನಾಲಗೆಗೆ ಕರುಣಿಸು.

ಗದಿಗೆಪ್ಪನ ಮನೆಯಿದ್ದ ದಾರಿಗೆ ಹನ್ನೊಂದು ಮನೆಗಳಿದ್ದವು, ಹೆಸರಿರಲಿಲ್ಲ. ಫಲಕ ಹಾಕಿಸುವೆವು, ಹೆಸರನ್ನು ನೀವೇ ನಿಶ್ಚಯಿಸಿರಿ ಎಂದು ಪಟ್ಟಣ ಪಂಚಾಯಿತಿಯಿಂದ ಆಜ್ಞಾಪತ್ರವು ಬಂದಿತು. ಅಲ್ಲಿ ನಿಂತಿದ್ದ ಹಳೆಯ ಮರವನ್ನು ನೋಡಿ, ‘ಬೇವಿನಮರದ’ ಎಂಬಲ್ಲಿಯವರೆಗೆ ಹನ್ನೊಂದು ಮನೆಗಳೂ ಏಕಕಂಠದಿಂದ ಒಪ್ಪಿದವು. ಪೇಂಟರ್ ಮಕ್ತುಮಸಾಬನು ಹಳದಿ ತಗಡಿನ ಮೇಲೆ ಅಷ್ಟನ್ನು ಬರೆದು, ಬ್ರಶ್ಶನ್ನು ಡಬ್ಬಿಯಂಚಿಗೆ ಒರಸಿ, “ಮುಂದೇನ್ ಬರೀಲ್ರೀ?” ಎಂದು ಕೇಳಿದನು.

“ಓಣಿ,” ಎಂದನು ಗದಿಗೆಪ್ಪ.

“ರಸ್ತೆ,” ಎಂದರು ಎದುರುಮನೆಯ ಇಂದುಮತಿ ಅಕ್ಕೋರು. ಮೂರು ತಲೆಮಾರಿನ ಮಕ್ಕಳಿಗೆ ಕಾಗುಣಿತ ಕಲಿಸಿ ನಿವೃತ್ತರಾದ, ಊರಿನ ಪುಂಡರೆಲ್ಲ ಕಂಡೊಡನೆ ಬೀಡಿಯನ್ನು ಬೆನ್ನ ಹಿಂದೆ ಅಡಗಿಸುವಂಥ ಪ್ರಚಂಡತೇಜೋಮೂರ್ತಿ ಅವರು.

ಬೇವಿನ ಎಲೆಯೂ ಅಲುಗಲಿಲ್ಲ.

ಆಗ ಗದಿಗೆಪ್ಪನು, ಘನಗರ್ಜಿತದಂಥ ಕಂಠದಿಂದ ಇಂತೆಂದನು: “ಅಕ್ಕೋರ, ಈ ಊರಿನ ದಾರಿ ಎಲ್ಲಾ ನನ್ನ ಕಾಲಿಗೆ ಗೊತ್ತು. ಹೆದ್ದಾರಿ ಊರನ್ನ ತಪ್ಪಿಸಿ ಹೋಗತೈತಿ. ರಸ್ತೆ ಊರಿಂದ ಊರಿಗೆ ಹೋಗತೈತಿ, ಅದಕ್ಕ ಯಾರ ಪರಿಚಯಾನೂ ಇಲ್ಲ. ಬೀದಿ ಅಂದ್ರ ಅಂಗಡಿ, ಮೆರವಣಿಗಿ. ಗಲ್ಲಿ ಅಂದ್ರ ಒಂದ್ ಕಡೆ ಹೊಕ್ಕು ಇನ್ನೊಂದ್ ಕಡೆ ಹೊರಬೀಳೂದು. ಓಣಿ ಹಂಗಲ್ಲ. ಓಣ್ಯಾಗ ಮಂದಿ ಇರ್ತಾರ. ಮನಿ ನಂಬರ್ ಬ್ಯಾಡ, ಹೆಸರು ಕೂಗಿದ್ರ ನಾಕು ಬಾಗಲಾ ತೆರೀತಾವು. ಇದನ್ನ ರಸ್ತೆ ಅಂತ ಬರದ್ರ ಸುಳ್ಳು ವಿಳಾಸ ಬರದಂಗ!”

ಈ ವೀರವಾಕ್ಯಗಳನ್ನು ಕೇಳಿ ಮಕ್ತುಮಸಾಬನ ಬ್ರಶ್ಶು ತಾನಾಗಿಯೇ ‘ಓ’ಕಾರದತ್ತ ವಾಲಿತು. ಆದರೆ ಅಕ್ಕೋರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

“ಚಂದ ಹೇಳಿದಿ, ಗದಿಗೆಪ್ಪಣ್ಣ. ನಮ್ಮ ಮನಿಯವರಿಗೆ ಎದಿನೋವು ಬಂದಾಗ ದವಾಖಾನಿ ಗಾಡಿಯಂವಗ ಫೋನಿನ್ಯಾಗ ಏನಂತ ಹೇಳಿದ್ದೆ ನಾನು? ಓಣಿ ಅಂದೆ. ‘ಓಣಿಯೊಳಗ ಗಾಡಿ ಬರೂದಿಲ್ರೀ’ ಅಂತ ಅಂವ ದೊಡ್ಡ ರಸ್ತೇದಾಗ ನಿಂತ. ಅವರನ್ನ ಹೊರಸಿನ ಮ್ಯಾಲ ಮಲಗಿಸಿ, ನೀನ ಅದರ ಒಂದು ಕಾಲು ಹಿಡದು ಹೊತ್ತೊಯ್ದಿ. ಅವರು ಉಳದ್ರು, ಖರೆ. ಆದ್ರ ಆ ಇಪ್ಪತ್ತು ನಿಮಿಷ ನನಗ ಇನ್ನೂ ಮುಗದಿಲ್ಲ. ರಸ್ತೆ ಅಂತ ಬರದ್ರ ಗಾಡಿ ಬರ್ತದ.”

“ಬರದ್ರ ಬರಂಗಿಲ್ರೀ, ಹಿಡಿಸಿದ್ರ ಬರತೈತಿ,” ಎಂದನು ಗದಿಗೆಪ್ಪ. ಆದರೆ ಅವನ ಧ್ವನಿಯಲ್ಲಿ ಮೊದಲಿನ ಗುಡುಗು ಇರಲಿಲ್ಲ.

“ಕ್ರಾಸ್ ಅಂತ ಬರೀಲೇನ್ರೀ?” ಎಂದು ಮಕ್ತುಮಸಾಬನು ಸಂಧಾನಕ್ಕೆ ಹೊರಟನು. ಇಬ್ಬರೂ ಅವನ ಕಡೆಗೆ ತಿರುಗಿ ನೋಡಿದ ನೋಟಕ್ಕೆ ಅವನು ಬೀಡಿ ಹಚ್ಚುವ ನೆಪದಿಂದ ಮರದ ಹಿಂದೆ ಸರಿದನು.

ದಾರಿಯೊಳಗೆ ಗಾಡಿ ಹಿಡಿಸಿದರೆ ರಸ್ತೆ, ಹಿಡಿಸದಿದ್ದರೆ ಓಣಿ ಎಂದು ಪಣವು ನಿಶ್ಚಯವಾಯಿತು.

ಮರುದಿನ ಬೆಳಗಿನ ಒಂಬತ್ತು ಗಂಟೆಯ ಶುಭಮುಹೂರ್ತದಲ್ಲಿ, ಧೂಮೋದ್ಗಾರಿಯೂ ತ್ರಿಚಕ್ರಸಂಪನ್ನವೂ ಆದ ಟಂಟಂ ಎಂಬ ಮಹಾರಥವು, ಬರಮಪ್ಪನೆಂಬ ಸಾರಥಿಯೊಡನೆ, ಅಕ್ಕೋರ ಆಹ್ವಾನದ ಮೇರೆಗೆ ಪ್ರವೇಶಿಸಿತು. ಹನ್ನೊಂದು ಮನೆಗಳವರೂ ಕಿಟಕಿಗಳಲ್ಲಿ, ಮಾಳಿಗೆಗಳಲ್ಲಿ ದೇವತೆಗಳಂತೆ ನೆರೆದರು. ಮಕ್ತುಮಸಾಬನೂ ತಗಡು, ಬಣ್ಣದ ಡಬ್ಬಿಗಳೊಡನೆ ಮರದಾಚೆ ಬಂದು ಕುಳಿತನು. ರಥವು ಒಂದನೆಯ ಮನೆಯನ್ನು ದಾಟಿತು. ಎರಡನೆಯದನ್ನು ದಾಟಿತು. ಅಕ್ಕೋರ ಮುಖವು ಅರಳುತ್ತ ಬಂತು. ಬೇವಿನ ಮರದ ಬಳಿಗೆ ಬಂದದ್ದೇ ತಡ, ‘ಕರ್ರ್’ ಎಂಬ ಭೀಕರನಾದವೆದ್ದು, ರಥವು ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ಕಚ್ಚಿಕೊಂಡು ನಿಂತಿತು.

“ಓಣಿ!” ಎಂದು ಗದಿಗೆಪ್ಪನು ಭುಜವನ್ನು ತಟ್ಟಿ ಸಿಂಹನಾದ ಮಾಡಿದನು.

“ಓಣಿ ಅಲ್ಲೋ ಯಜಮಾನ,” ಎಂದು ಬರಮಪ್ಪನು ತಲೆ ಹೊರಗೆ ಹಾಕಿದನು. “ನಿಮ್ಮ ಕಟ್ಟಿ!”

ಗದಿಗೆಪ್ಪನು ಬಗ್ಗಿ ನೋಡಿದನು. ಒಂದು ಮಗ್ಗುಲಿಗೆ ಮರ. ಇನ್ನೊಂದು ಮಗ್ಗುಲಿಗೆ, ಅವನು ನಿವೃತ್ತನಾದ ವರ್ಷ ಸಂಜೆ ಕೂತು ಮಾತಾಡಲೆಂದು ತನ್ನ ಮನೆಯ ಮುಂದೆ ಹಾಕಿಸಿದ ಕಲ್ಲುಕಟ್ಟೆ. ಎರಡು ಅಡಿ ದಾರಿಯೊಳಗೆ ಚಾಚಿಕೊಂಡಿತ್ತು. ಟಂಟಂನ ತಗಡು ಅದರ ಮೂಲೆಗೆ ತಗುಲಿತ್ತು. ಆಗ ಅವನಿಗೆ ನೆನಪಾಯಿತು. ಆ ದಿನ ಹೊರಸು ಸಿಕ್ಕಿಕೊಂಡದ್ದೂ ಇಲ್ಲಿಯೇ. “ಸ್ವಲ್ಪ ಓರೆ ಮಾಡ್ರೋ” ಎಂದು ಕೂಗಿದವನು ತಾನೇ. ಮೇಲಿದ್ದ ಮನುಷ್ಯ ಜಾರದಂತೆ ಅಕ್ಕೋರು ಎರಡೂ ಕೈಗಳಿಂದ ಗಂಡನನ್ನು ಹಿಡಿದುಕೊಂಡಿದ್ದರು. ಅದನ್ನು ಅವರು ನಿನ್ನೆಯೂ ಹೇಳಲಿಲ್ಲ, ಇಂದೂ ಹೇಳುತ್ತಿಲ್ಲ.

ವೀರಾಗ್ರಣಿಯ ಕಿವಿಗಳು ಕೆಂಪಾದವು. ಅವನು ಒಳಗೆ ಹೋಗಿ, ಹಾರೆಯೆಂಬ ವಜ್ರಾಯುಧವನ್ನು ತಂದು, ಚಪ್ಪಡಿಯ ಕೆಳಗೆ ತೂರಿಸಿ, “ಹುಂ!” ಎಂದು ಮೀಟಿದನು. ಒಂದು ಗಳಿಗೆ ಕಲ್ಲು ಗೆಲ್ಲುವುದೋ ಅರವತ್ತೆರಡರ ಸೊಂಟ ಗೆಲ್ಲುವುದೋ ಎಂಬಂತಿತ್ತು. ಬಳಿಕ ಅಕ್ಕೋರೂ ಬಂದು ಹಾರೆಗೆ ಕೈಹಾಕಿದರು. ಚಪ್ಪಡಿ ಉರುಳಿತು.

ಬೆವರೊರೆಸಿಕೊಂಡು ಗದಿಗೆಪ್ಪನು ಘೋಷಿಸಿದನು: “ಮಕ್ತುಮಸಾಬ, ರಸ್ತೆ ಅಂತ ಬರಿ.”

“ಬ್ಯಾಡ,” ಎಂದರು ಅಕ್ಕೋರು. “ಮನಿ ಮುಂದಿನ ಕಟ್ಟೀನ ಕಿತ್ತು ಕೊಟ್ಟಾನ. ರಸ್ತೇದಾಗ ಯಾರು ಕೊಡ್ತಾರ? ಓಣಿ ಅಂತ ಬರಿ.”

“ಸೋತಂವ ನಾನ್ರೀ. ರಸ್ತೆ!”

“ನಾ ಹೇಳೂದು ಕೇಳೂದಿಲ್ಲೇನು? ಓಣಿ!”

ಹೀಗೆ ಔದಾರ್ಯವೇ ಆಯುಧವಾಗಿ ಎರಡನೆಯ ಮಹಾಯುದ್ಧವು ಮೊದಲನೆಯದಕ್ಕಿಂತ ಘೋರವಾಗಿ ಪ್ರಾರಂಭವಾಯಿತು. ಈ ನಡುವೆ, ಇಬ್ಬರೂ ರಥಕ್ಕೆ ಅಡ್ಡ ನಿಂತಿದ್ದರಿಂದ ಇನ್ನೂ ಅಲ್ಲಿಯೇ ಸಿಕ್ಕಿಕೊಂಡಿದ್ದ ಟಂಟಂ ಸಾರಥಿಯ ಫೋನು ಮೊಳಗಿತು. ಯಾವುದೋ ಗಿರಾಕಿ ಕಾಯುತ್ತಿದ್ದನೆಂದು ತೋರುತ್ತದೆ. ಜಗಳದ ಸದ್ದನ್ನು ಮೀರಿಸಿ ಬರಮಪ್ಪನು ಒದರಿದನು:

“ಬಂದೆ ಮಾರಾಯಾ! ಇಲ್ಲೇ ಬೇವಿನಮರದ ಸಂದ್ಯಾಗ ಸಿಕ್ಕೊಂಡೇನಿ!”

ಇಬ್ಬರೂ ವೀರರು ಗಪ್ಪನೆ ಸುಮ್ಮನಾದರು. ಆ ನಿಶ್ಶಬ್ದದಲ್ಲಿ ಸರ್ ಸರ್ ಎಂಬ ಸಣ್ಣ ಸದ್ದು ಕೇಳಿಸಿತು. ತಿರುಗಿ ನೋಡುವಷ್ಟರಲ್ಲಿ ಮಕ್ತುಮಸಾಬನು ಕೊನೆಯ ಗುಣಿಸನ್ನು ಎಳೆದು, ಬ್ರಶ್ಶನ್ನು ಎಣ್ಣೆಯಲ್ಲಿ ಅದ್ದುತ್ತಿದ್ದನು. ಹಳದಿ ತಗಡಿನ ಮೇಲೆ, ಹಸಿಹಸಿಯಾಗಿ: ‘ಬೇವಿನಮರದ ಸಂದಿ.’

“ಏನಿದು?” ಎಂದರು ಇಬ್ಬರೂ ಒಟ್ಟಿಗೆ.

“ಬಣ್ಣಾ ಒಣಗಾಕತ್ತಿತ್ರೀ,” ಎಂದನು ಮಕ್ತುಮಸಾಬ.