ನನ್ನ ಹೆಸರಿನ ಎರಡು ಅಕ್ಷರ ನುಂಗಿದ ಯಂತ್ರ ಮಹಾಶಯರಿಗೆ

ಮೊರಾವಿಯಾ ಸೀಮೆಯ ಸಮಸ್ತ ಕಂಠಗಳ ಒಡೆಯರೂ, ಸೆಕೆಂಡಿಗೆ ಎಂಟು ಸಾವಿರ ಸಲ ಮನುಷ್ಯರ ದನಿಗೆ ಕತ್ತರಿ ಹಾಕಿಯೂ ಒಂದು ತೊಟ್ಟು ರಕ್ತ ಕಾಣಿಸದ ಶಸ್ತ್ರವೈದ್ಯರೂ, ನಮ್ಮ ಕಾಲೇಜಿನ ನಾಲ್ಕನೆಯ ಮಹಡಿಯ ಧ್ವನಿ ಪ್ರಯೋಗಾಲಯದಲ್ಲಿ ಕುಂಟು ಮೇಜಿನ ಮೇಲೆ ವಿರಾಜಮಾನರೂ ಆದ ಮಾತು ಕುಗ್ಗಿಸುವ ಯಂತ್ರ ಮಹಾಶಯರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ತಮ್ಮ ಬೆಸುಗೆ ಬಿಡದಿರಲಿ, ತಮ್ಮ ಫ್ಯೂಸು ನೂರು ವರ್ಷ ಬಾಳಲಿ ಎಂದು ಹಾರೈಸುತ್ತಾ, ಎರಡನೆಯ ವರ್ಷದ ವಿದ್ಯಾರ್ಥಿ ತೊಬಿಯಾಶ್ ರ್ಝೆರ್ಝಿಖಾ ಎಂಬ ನಾನು, ತಾವು ನನ್ನ ಮನೆತನದ ಹೆಸರಿಗೆ ಎಸಗಿರುವ ಉಪಕಾರದ ಬಗ್ಗೆ ಸಾರ್ವಜನಿಕವಾಗಿ ದೂರು ಸಲ್ಲಿಸುತ್ತಿದ್ದೇನೆ.

ತಮಗೆ ತಿಳಿಯದ್ದೇನಲ್ಲ. 'ರ'ವನ್ನೂ 'ಝ'ವನ್ನೂ ಒಂದೇ ಉಸಿರಿನಲ್ಲಿ, ಒಂದೇ ನಾಲಗೆಯ ತುದಿಯಲ್ಲಿ ನಡುಗಿಸುವ ಅಕ್ಷರವೊಂದು ನಮ್ಮ ಚೆಕ್ ಭಾಷೆಯಲ್ಲಿದೆ. ಇನ್ನಾರಿಗೂ ಸುಲಭಕ್ಕೆ ಒಲಿಯದ ಈ ಅಕ್ಷರದ ಬಗ್ಗೆ ನಮ್ಮವರಿಗೆ ಎಷ್ಟು ಜಂಬವೆಂದರೆ, ಪರದೇಶದವರು ಯಾರಾದರೂ ಸಿಕ್ಕರೆ ಕುಡಿಯಲು ಬಿಯರ್ ಕೊಡುವ ಮೊದಲು ಇದನ್ನು ಹೇಳಿಸಿ ನಗುತ್ತೇವೆ. ನನ್ನ ಹೆಸರಿನಲ್ಲಿ ಅದು ಎರಡು ಸಲ ಬರುತ್ತದೆ. ಬೆಣ್ಣೆ ಹಚ್ಚಿದ ಬ್ರೆಡ್ಡಿನ ಮೇಲೆ ಉದುರಿಸಿಕೊಳ್ಳುವ ಖಾರದ ಸೊಪ್ಪಿನ ಹೆಸರದು. ದೊಡ್ಡ ಮನೆತನವೇನಲ್ಲ, ಆದರೂ ನಮ್ಮದು.

ಧ್ವನಿಸಂಸ್ಕರಣೆಯ ಪಾಠವನ್ನು ಕಪ್ಪುಹಲಗೆಯ ಲೆಕ್ಕಕ್ಕಿಂತ ಕಿವಿಯಿಂದಲೇ ಕಲಿಸಬೇಕೆಂದು ಹಟ ಹಿಡಿದಿರುವ ಡಾಕ್ಟರ್ ಹೆಡ್ವಿಕಾ ಶ್ಟ್ಯಾಸ್ಟ್ನಾ ಅವರು, "ಯಾರಾದ್ರೂ ಒಬ್ರು ನಿಮ್ಮ ಹೆಸರು ಹೇಳಿ ರೆಕಾರ್ಡ್ ಮಾಡ್ಕೊಡ್ರಪ್ಪ" ಎಂದಾಗ ನಾನು ಧಾರಾಳವಾಗಿ ಮುಂದೆ ಬಂದೆ. ಬಾಗಿಲು ಮುಚ್ಚಿದ ಪೆಟ್ಟಿಗೆಯಂಥ ಕೋಣೆಯಲ್ಲಿ ನಾನೊಬ್ಬನೇ ತಮ್ಮ ಮೈಕಿನೆದುರು ಮಾತಾಡಿದೆ. ಇಪ್ಪತ್ತೆರಡು ವರ್ಷದ ಹಿಂದೆ ತಮ್ಮನ್ನು ಸ್ವಂತ ಕೈಯಿಂದ ಕಟ್ಟಿದ ತಂತ್ರಜ್ಞ ಕಲೌಸ್ ಅವರು ಗಾಜಿನಾಚೆ ಕುಳಿತು ಮೀಟರಿನ ಮುಳ್ಳನ್ನಷ್ಟೇ ನೋಡುತ್ತಿದ್ದರು.

ಕಳೆದ ಸೋಮವಾರ, ಅರವತ್ತು ಮಂದಿಯ ಎದುರು, ತಾವು ನನ್ನನ್ನು ಸೆಕೆಂಡಿಗೆ ಎಂಟು ಸಾವಿರ ತುಂಡಿಗೆ ಇಳಿಸಿ ನುಡಿಸಿದಿರಿ. 'ರೆರಿಖಾ' ಎಂದಿರಿ. ತಮ್ಮ ಪಾಠ ರುಜುವಾತಾಯಿತೆಂದು ಡಾಕ್ಟರಮ್ಮನವರಿಗೆ ಆನಂದವೋ ಆನಂದ. "ಕೇಳಿದ್ರಾ? ಎಂಟು ಸಾವಿರಕ್ಕಿಳಿಸಿದ್ದೇ ತಡ, ಪಾಪ, ಅಕ್ಷರ ಸತ್ತೇ ಹೋಯ್ತು!" ಆಮೇಲೆ ನನ್ನ ಸ್ವರದ ಏರಿಳಿತ ಕಿತ್ತು ರೋಬೋಟಿನಂತೆ ನುಡಿಸಿದಿರಿ, ರೆರಿಖಾ. ದನಿಯನ್ನೇ ತೆಗೆದು ಬರೀ ಉಸಿರಿನಲ್ಲಿ ಪಿಸುಗುಟ್ಟಿಸಿದಿರಿ, ರೆರಿಖಾ. ಶ್ರುತಿಯನ್ನು ಎರಡರಷ್ಟು ಏರಿಸಿದಾಗ ನಾನು ನನ್ನ ಚಿಕ್ಕಮ್ಮನೇ ಆಗಿಹೋದೆ. ಆ ಚಿಕ್ಕಮ್ಮನೂ ರೆರಿಖಾ! ಹಿಂದಿನ ಬೆಂಚಿನ ಬ್ಲಾಂಕಾ, "ಏನೋ ರೆರಿಖಾ, ಉಳಿದರ್ಧ ಹೆಸರನ್ನ ಟ್ರಾಮಲ್ಲೇ ಬಿಟ್ಟು ಬಂದ್ಯಾ?" ಎಂದಳು. ಅಂದಿನಿಂದ ಕ್ಯಾಂಟೀನಿನಲ್ಲಿ ಗೂಲಾಶ್ ಬಡಿಸುವವರೂ ನನ್ನನ್ನು ಹಾಗೆಯೇ ಕರೆಯುತ್ತಿದ್ದಾರೆ.

ಕೊನೆಗೆ ಯಾವ ಕತ್ತರಿಯೂ ತಾಗದ ಮೂಲ ಧ್ವನಿ ಕೇಳಿಸಿದಿರಿ. ಅಲ್ಲೂ ರೆರಿಖಾ. ಡಾಕ್ಟರಮ್ಮನವರ ಮುಖ ಬಾಡಿತು. "ಇದೇನ್ರೀ ಕಲೌಸ್, ಮೂಲದಲ್ಲೇ ಇಲ್ವಲ್ಲ! ನಿಮ್ಮ ಯಂತ್ರಕ್ಕೆ ಕಿವಿ ಹೋಗಿದೆ. ಶುಕ್ರವಾರ ಗುಜರಿಯೋರು ಬರ್ತಾರೆ, ಕೊಟ್ಬಿಡಿ."

"ಇಪ್ಪತ್ತೆರಡು ವರ್ಷ ಆಯ್ತು ಡಾಕ್ಟರಮ್ಮ, ಇದು ಒಂದಿನ ಸುಳ್ಳು ಹೇಳಿಲ್ಲ" ಎಂದ ಕಲೌಸ್ ಅವರು, ಯಂತ್ರ ಮಹಾಶಯರಾದ ತಮ್ಮ ಮೇಲಿನ ಧೂಳನ್ನು ಕೋಟಿನ ತೋಳಿನಿಂದ ಒರೆಸಿದರು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು.

ಇಂಥ ಮಹಾಪ್ರತಿಭೆಯನ್ನು ನಾನು ಹೊಗಳದೆ ಇರಲಾರೆ. ಶತ್ರುಸೈನ್ಯಗಳು ನೂರಾರು ವರ್ಷ ಬಂದು ಹೋದರೂ ನಮ್ಮಿಂದ ಕಸಿಯಲಾಗದ ಅಕ್ಷರವನ್ನು ತಾವು ಒಂದು ತಂತಿಯಲ್ಲಿ ಕಸಿದಿರಿ. ಆದ್ದರಿಂದ ತಾವು ಈ ಕೂಡಲೇ ನುಂಗಿದ ಎರಡೂ ಅಕ್ಷರಗಳನ್ನು ಕಕ್ಕಿ, ತೊಳೆದು, ಒಣಗಿಸಿ, ಲಕೋಟೆಯಲ್ಲಿಟ್ಟು ನನಗೆ ತಲುಪಿಸಬೇಕು. ಅದಾಗದಿದ್ದರೆ, ನಮ್ಮ ಐದು ವರ್ಷದ ಮಕ್ಕಳೆಲ್ಲ ಹೋಗುವಂತೆ ಮಾತು ತಿದ್ದುವ ಟೀಚರ್ ಬಳಿ ಹೋಗಿ, ಕನ್ನಡಿಯ ಮುಂದೆ ಕುಳಿತು, ನಾಲಗೆಯನ್ನು ಹಲ್ಲಿನ ಹಿಂದೆ ಇಟ್ಟು ಅಭ್ಯಾಸ ಮಾಡಬೇಕು. ನಾಲಗೆ ಇಲ್ಲವೆಂಬ ನೆಪವನ್ನು ಒಪ್ಪಲಾಗುವುದಿಲ್ಲ. ಇದೆಲ್ಲ ಶುಕ್ರವಾರದೊಳಗೆ ಆಗಬೇಕು. ಆಮೇಲೆ ತಮ್ಮ ವಿಳಾಸ ಯಾವ ತಗಡಿನ ರಾಶಿಯೋ, ಪತ್ರ ಯಾರಿಗೆ ಬರೆಯಲಿ?

ಕತ್ತರಿಸಿಯೂ ಉಳಿದಿರುವ,
ತಮ್ಮ ವಿಶ್ವಾಸಿ,
ತೊಬಿಯಾಶ್ (ಪೂರ್ತಿ ಹೆಸರನ್ನು ತಾವು ಬಲ್ಲಿರಿ)

ಮರುಲೇಖ: ಇದು ಬಹಿರಂಗ ಪತ್ರವಾದ್ದರಿಂದ ಒಂದು ಪ್ರತಿಯನ್ನು ಡಾಕ್ಟರ್ ಶ್ಟ್ಯಾಸ್ಟ್ನಾ ಅವರ ಬಾಗಿಲಿಗೂ ಅಂಟಿಸಿದ್ದೇನೆ, ಗುಜರಿಯವರು ಬರುವ ಮುನ್ನ ಅವರು ಇಷ್ಟನ್ನಾದರೂ ಓದಲಿ. ಆ ಅಕ್ಷರ ನನಗೆ ಹುಟ್ಟಿದಾಗಿನಿಂದ ಬರುವುದಿಲ್ಲ. ನಮ್ಮಲ್ಲಿ 'ಮೂರು' ಅನ್ನಲೂ ಅದು ಬೇಕು, 'ನಾಲ್ಕು' ಅನ್ನಲೂ ಬೇಕು. ಅದಕ್ಕೇ ನಾನು ಅಂಗಡಿಯಲ್ಲಿ ಯಾವಾಗಲೂ ಎರಡು ಕೇಳುತ್ತೇನೆ, ಸಾಲದಿದ್ದರೆ ಐದು. ಅಂದು ಆ ಕೋಣೆಯಲ್ಲಿ ನಾನು ಹೇಳಿದ್ದೇ ರೆರಿಖಾ. ಯಂತ್ರವಾದರೂ ಸರಿಮಾಡೀತೆಂದು ನಂಬಿದ್ದೆ.