ಆದೇಶದ ಪ್ರಕಾರ ಬಂದಿಳಿದ ಅಳಿಯ

ವಿಮಾನಗಳು ತಡವಾಗುವುದಕ್ಕೆ ಊರುಗಳು ವಿನಾಕಾರಣ ದೂರದಲ್ಲಿರುವುದೇ ಕಾರಣ ಎಂಬುದನ್ನು ದೂರ ನಿಗದಿ ಇಲಾಖೆ ಕಂಡುಹಿಡಿಯಿತು. ಕಂಡುಹಿಡಿದವರು ಇಲಾಖೆಯ ಮುಖ್ಯಾಧಿಕಾರಿ, ಊಟವಾದ ಮೇಲೆ, ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡು. ಅಂಥ ತಲೆ ಭೂಮಂಡಲದಲ್ಲಿ ಇನ್ನೊಂದಿರಲಿಲ್ಲ. ಇದ್ದಿದ್ದರೆ ಇಲಾಖೆ ಬಿಡುತ್ತಿರಲಿಲ್ಲ, ನೇಮಿಸಿಕೊಂಡುಬಿಡುತ್ತಿತ್ತು.

ಸಮುದ್ರದಾಚೆಯ ನಗರದಿಂದ ಇಲ್ಲಿಗೆ ಹನ್ನೊಂದು ಗಂಟೆಯ ಹಾರಾಟ. ಅವರು ಹಸಿರು ಶಾಯಿಯಲ್ಲಿ ಒಂದೇ ಸಹಿ ಹಾಕಿ ಅದನ್ನು ಐದಕ್ಕೆ ಇಳಿಸಿದರು. ಅದಕ್ಕೆ ತಕ್ಕಂತೆ ದೂರವೂ ಕುಗ್ಗಿತು. ಸಮುದ್ರಕ್ಕೂ ಒಂದು ಪ್ರತಿ ಕಳಿಸಬೇಕೇ ಎಂದು ಗುಮಾಸ್ತೆ ಕೇಳಿದ್ದಕ್ಕೆ, ಸಮುದ್ರ ಬೇರೆ ಇಲಾಖೆಗೆ ಸೇರಿದ್ದು ಎಂದರು. ಪ್ರಕಟಣೆ ಹೊರಟಿತು: "ಐದು ಗಂಟೆ ಕಳೆದೊಡನೆ ಪ್ರಯಾಣಿಕರು ತಲುಪಿದವರೆಂದು ಪರಿಗಣಿಸತಕ್ಕದ್ದು. ತಲುಪಿದ ಮೇಲೂ ಆಕಾಶದಲ್ಲೇ ಉಳಿಯುವುದು ಅವರವರ ಸ್ವಂತ ಜವಾಬ್ದಾರಿ."

ಅಂದಿನಿಂದ ಒಂದು ವಿಮಾನವೂ ತಡವಾಗಲಿಲ್ಲ. ಸಾಹೇಬರಿಗೆ ಬಡ್ತಿ ಬಾಗಿಲಿಗೇ ಬಂದು ನಿಂತಿತ್ತು.

ಅಷ್ಟರಲ್ಲಿ ಅವರ ಒಬ್ಬಳೇ ಮಗಳ ಮದುವೆ ನಿಶ್ಚಯವಾಯಿತು. ಹುಡುಗ ಸಮುದ್ರದಾಚೆಯ ನಗರದಲ್ಲಿ ಹಲ್ಲಿನ ಡಾಕ್ಟರು. ಆದೇಶದ ಪ್ರಕಾರ ಅವನು ಬೆಳಗ್ಗೆ ಹತ್ತಕ್ಕೆ ಇಳಿಯಬೇಕು, ಹನ್ನೊಂದಕ್ಕೆ ನೋಂದಣಿ ಕಚೇರಿಯಲ್ಲಿ ಮದುವೆ. ಒಂದು ದಿನ ಮುಂಚೆ ಬರಲಿ ಎಂದು ಮಗಳು ಬೇಡಿಕೊಂಡಳು. ಸ್ವಂತ ಅಳಿಯನೇ ಮುಂಚೆ ಬಂದರೆ ಬಡ್ತಿ ಕೊಡುವವರು ಏನಂದುಕೊಂಡಾರು? "ಅಪ್ಪನ ಸಹಿ ಮೇಲೆ ನಂಬಿಕೆ ಇಲ್ವೇನೇ ನಿನಗೆ?" ಎಂದು ಬಾಯಿ ಮುಚ್ಚಿಸಿದರು.

ಹನ್ನೊಂದಕ್ಕೆ ನೋಂದಣಾಧಿಕಾರಿ ಹುಡುಗನೆಲ್ಲಿ ಎಂದು ಕೇಳಿದರು. ಸಾಹೇಬರು ಆದೇಶದ ಪ್ರತಿ ಮುಂದಿಟ್ಟರು. ನೋಂದಣಾಧಿಕಾರಿ ಕನ್ನಡಕ ಒರೆಸಿಕೊಂಡು ಅದನ್ನು ಎರಡು ಸಲ ಓದಿ, ಖಾಲಿ ಕುರ್ಚಿಯ ಕಡೆ ತಿರುಗಿ ಒಪ್ಪಿಗೆಯೇ ಎಂದು ಕೇಳಿದರು. ಕುರ್ಚಿಯಿಂದ ಆಕ್ಷೇಪಣೆ ಬರಲಿಲ್ಲ. ಮದುವೆಯಾಯಿತು.

"ಫೋಟೋದಲ್ಲಿ ಮೈಕೈ ತುಂಬಿಕೊಂಡಿದ್ದ. ತುಂಬಾ ಇಳಿದುಹೋಗಿದ್ದಾನೆ," ಎಂದಳು ಚಿಕ್ಕಮ್ಮ.

ಸಂಜೆ ನಾಲ್ಕಕ್ಕೆ ವಿಮಾನ ಇಳಿಯಿತು. ಗಾಜಿನ ಆಚೆ ಹುಡುಗ, ಈಚೆ ಮಗಳು, ನಡುವೆ ತಪಾಸಣೆಯವನು.

"ನೀವು ಬೆಳಗ್ಗೆನೇ ಬಂದು ಹೋಗಿದೀರಿ ಸಾರ್, ಮದುವೆನೂ ಆಗಿದೆ. ಒಂದು ಟಿಕೆಟ್‌ನಲ್ಲಿ ಎರಡು ಸಲ ಇಳಿಯೋ ಹಾಗಿಲ್ಲ."

ಮಗಳು ಅಪ್ಪನ ತೋಳು ಹಿಡಿದಳು. "ಆದೇಶ ತಪ್ಪಾಗಿದೆ ಅಂತ ಒಂದೇ ಒಂದು ಮಾತು ಹೇಳಿಬಿಡಿ ಅಪ್ಪ."

ಸಾಹೇಬರು ಗಾಜಿನಾಚೆ ನೋಡಿದರು. ಅಳಿಯ ಕೈ ಬೀಸುತ್ತಿದ್ದ. ಸಾಹೇಬರ ಕೈಯೂ ಅರ್ಧ ಮೇಲೆದ್ದಿತು, ಆದರೆ ಬಡ್ತಿ ಅದನ್ನು ಕೆಳಗಿಳಿಸಿತು. "ನಿನ್ನ ಗಂಡ ಮನೇಲಿದ್ದಾನಮ್ಮ. ನಡಿ, ಕಾಯ್ತಿರ್ತಾನೆ."

ಹುಡುಗನನ್ನು ಮುಂದಿನ ವಿಮಾನಕ್ಕೆ ಹತ್ತಿಸಿ ವಾಪಸ್ಸು ಕಳಿಸಿದರು.

ಮಗಳು ಒಂದು ವಾರ ಅತ್ತಳು. ಆಮೇಲೆ ಹೊಂದಿಕೊಂಡಳು. ಎದುರು ಮಾತಿಲ್ಲ, ಗೊರಕೆಯಿಲ್ಲ, ಒದ್ದೆ ಟವೆಲ್ಲು ಹಾಸಿಗೆಯ ಮೇಲಿಲ್ಲ. ಅಂಥ ಅಳಿಯ ಯಾರಿಗುಂಟು ಯಾರಿಗಿಲ್ಲ ಎಂದು ಬೀದಿಯೆಲ್ಲ ಕೊಂಡಾಡಿತು. ಬಡ್ತಿ ಪಡೆದ ಸಾಹೇಬರ ಮೇಜಿಗೆ ಬಂದ ಮೊದಲ ಅರ್ಜಿ ಪಕ್ಕದ ಮನೆಯಾಕೆಯದು: ತನ್ನ ಗಂಡನನ್ನೂ ಒಮ್ಮೆ ಸಮುದ್ರದಾಚೆ ಕಳಿಸಿ, ಇದೇ ವಿಮಾನದಲ್ಲಿ ಕರೆಸಿಕೊಡಬೇಕಂತೆ.