ಹತ್ತು ಗೌಂಡಿಗಳ ಪ್ರೊಸೆಸರ್

ಆಯುಧ ಪೂಜಿಸುವ ಖಂಡೇನವಮಿಯ ಬೆಳಿಗ್ಗೆ ಹತ್ತೂಕಾಲಿಗೆ ಪುಣೆಯ ವಾಕಡದಲ್ಲಿ ಮಧುಕರ ದೇಸಾಯಿಯವರ ಆಫೀಸಿನ ಕಂಪ್ಯೂಟರ್ ನಿಂತುಹೋಯಿತು. ಅದು ನಿಲ್ಲುವುದೇನೂ ಹೊಸದಲ್ಲ, ದಿನಕ್ಕೆ ನಾಲ್ಕು ಸಲ ನಿಲ್ಲುತ್ತಿತ್ತು. ಆದರೆ ಈ ಸಲ ದೇಸಾಯಿಯವರು ಬಿಲ್ಡರನ ಜೊತೆ ವಿಡಿಯೋದಲ್ಲಿ ಮಾತಾಡುತ್ತಿದ್ದಾಗ, ಅವರ ಬಾಯಿ ಪೂರ್ತಿ ತೆರೆದಿದ್ದ ಗಳಿಗೆಯಲ್ಲಿ ನಿಂತಿತು. ಆ ತುದಿಯಲ್ಲಿ ಬಿಲ್ಡರ್ ಐದು ನಿಮಿಷ ಅವರ ದವಡೆಹಲ್ಲು ನೋಡುತ್ತ ಕೂತಿದ್ದನಂತೆ.

“ದೇವ್ಯಾ!”

ದೇವಾನಂದ ಓಡಿಬಂದ. ಯಾದಗಿರಿ ಕಡೆಯ ಹುಡುಗ. ಎಂಟನೇ ಇಯತ್ತೆಗೆ ಶಾಲೆ ಬಿಟ್ಟು, ಅಪ್ಪ-ಅವ್ವನ ಹಿಂದೆ ಪುಣೆಗೆ ಬಂದು, ಸಿಮೆಂಟು ಹೊತ್ತು, ಆಮೇಲೆ ಈ ಲೇಬರ್ ಕಂತ್ರಾಟಿನ ಆಫೀಸಿಗೆ ಆಳುಗಳ ಹಾಜರಿ ಬರೆಯಲು ಸೇರಿದವನು. ಕಂಪ್ಯೂಟರನ್ನು ಅವನಿಗೆ ಯಾರೂ ಕಲಿಸಲಿಲ್ಲ. ಓದಿದವರು ಕಲಿಸುವುದೂ ಇಲ್ಲ. ಮೌಸು ಕಸಿದುಕೊಂಡು “ಇಷ್ಟೂ ಗೊತ್ತಾಗಂಗಿಲ್ಲೇನು?” ಅನ್ನುತ್ತಾರೆ, ಅಲ್ಲಿಗೆ ಪಾಠ ಮುಗಿಯಿತು. ದೇವಾನಂದ ಪಕ್ಕದಲ್ಲಿ ನಿಂತು ನೋಡಿ ಕಲಿತ. ಮೊಬೈಲಿನಲ್ಲಿ ನೋಡಿ ಕಲಿತ. ಕಂಪ್ಯೂಟರಿನ ಹೊಟ್ಟೆಯಲ್ಲಿ ಏನೇನಿರುತ್ತದೆ ಅನ್ನುವುದು ಅವನಿಗೆ ತನ್ನ ಅಂಗೈಯಷ್ಟು ಗೊತ್ತಿತ್ತು.

“ಇದರ ಮಿದುಳ ಸತ್ತದ. ಚೊಲೋ ಪ್ರೊಸೆಸರ್ ನೋಡಿ ಹೊಸಾದು ತಗೊಂಡ ಬಾ,” ಅಂದರು ದೇಸಾಯಿ. “ಸಂಜಿ ಪೂಜಾಕ್ಕ ಇಲ್ಲಿರಬೇಕು. ಬರೋಬ್ಬರಿ ಆರಿಸಿದ್ಯೋ, ಆ ತಿರಗೂ ಕುರ್ಚಿ ನಿಂದು, ಆಫೀಸ್ ಇನ್‌ಚಾರ್ಜ್ ನೀನ. ತಪ್ಪಿದ್ಯೋ, ಸಾಸವಡ.”

ಸಾಸವಡದ ಸೈಟಿನಲ್ಲಿ ಇದ್ದದ್ದು ಒಂದು ತಗಡಿನ ಶೆಡ್ಡು ಮತ್ತು ಎರಡು ನಾಯಿ. ಅಲ್ಲಿದ್ದ ಕಾವಲುಗಾರ ಹೋದ ತಿಂಗಳು ಕೆಲಸ ಬಿಟ್ಟಿದ್ದ. ನಾಯಿಗಳ ಜೊತೆ ಮಾತಾಡಿ ಮಾತಾಡಿ ತನ್ನ ಹೆಂಡತಿ ಮಾತಾಡಿಸಿದರೂ ತಿಳಿಯುತ್ತಿಲ್ಲ ಅಂತ ಹೇಳಿಹೋಗಿದ್ದ.

“ಮಾಮಾ, ಪ್ರೊಸೆಸರ್ ಆರಿಸಲಿಕ್ಕೆ ಇವನ್ನ ಕಳಸ್ತೀರಿ?” ಅಂತ ಪ್ರಣವ ನಕ್ಕ. ಅವನು ದೇಸಾಯಿಯವರ ಅಕ್ಕನ ಮಗ, ಇಂಜಿನಿಯರು. ಡಿಗ್ರಿಗೆ ಗಾಜು ಹಾಕಿಸಿ ಆಫೀಸಿನ ಗೋಡೆಗೇ ತೂಗುಹಾಕಿದ್ದ, ದಿನಾ ಬೆಳಿಗ್ಗೆ ಅದನ್ನು ಒರೆಸುವ ಕೆಲಸವನ್ನು ದೇವಾನಂದನಿಗೇ ಕೊಟ್ಟಿದ್ದ. “ಐ-ನೈನ್ ತಾ ಅಂತ ಬರದು ಕೊಡ್ರಿ, ಖಲಾಸ್.”

“ಐ-ನೈನ್ ಯಾತಕ್ಕ?” ಅಂತ ಬೆಳಗಾವಿಯ ಅನುಸೂಯಾಬಾಯಿ ತಮ್ಮ ಮೇಜಿನಿಂದಲೇ ಕತ್ತು ಚಾಚಿದರು. “ನಮ್ಮ ಮೈದುನನ ಮನ್ಯಾಗ ಐ-ತ್ರೀ ಅದ. ಎರಡು ವರ್ಷ ಆತು, ಒಂದು ತಕರಾರಿಲ್ಲ.”

“ಅದರಾಗ ಅವರು ಏನ್ ಮಾಡ್ತಾರ್ರಿ ಅಕ್ಕಾರ?” ಅಂದ ದೇವಾನಂದ.

“ಇನ್ನಾ ಡಬ್ಬಿ ಒಡದಿಲ್ಲ.”

ಮೇಲಿನ ಮನೆಯಿಂದ ಪೂಜೆಯ ಸಾಮಾನು ಹಿಡಿದು ಇಳಿದ ದೇಸಾಯಿಯವರ ತಾಯಿ ರಂಗೂಬಾಯಿಯವರು ಕೊನೆಯ ಆಜ್ಞೆ ಕೊಟ್ಟರು. “ಯಾವದರ ತಾರಪಾ, ಹಬ್ಬದ ದಿನಾ ಕರೀದು ಮಾತ್ರ ಹೊಸ್ತಿಲಾ ದಾಟಬಾರದು.”

ಹೊರಡುವ ಮುನ್ನ ದೇವಾನಂದ ಹಳೆಯ ಕಂಪ್ಯೂಟರಿಗೆ ಕೈಮುಗಿದ. ಏಳು ವರ್ಷದಿಂದ ಅದರ ಖಂಡೇಪೂಜೆ ಅವನದೇ. ಪ್ರಣವನ ಹಾಗೆ ಒಂದು ಚುಕ್ಕೆ ಇಟ್ಟು ಕೈ ಒರೆಸಿಕೊಳ್ಳುವ ಜಿಪುಣ ಭಕ್ತಿ ಅಲ್ಲ. ಹೂವು, ಅಕ್ಕಿ, ಕುಂಕುಮ, ಎಲ್ಲ ಕೈತುಂಬ. ಅನ್ನ ಕೊಟ್ಟ ಯಂತ್ರ ಅದು, ಅದಕ್ಕೆ ಕಡಿಮೆ ಮಾಡುವುದೆಂದರೇನು?

ಹಳೆ ಪೇಠದ ಕಂಪ್ಯೂಟರ್ ದುಕಾನು ಮುಟ್ಟಿದಾಗ ಗಂಟೆ ಒಂದಕ್ಕೆ ಎರಡು ನಿಮಿಷ ಕಡಿಮೆ. ಮಾಲೀಕ ಕಾಕಾ ಶಟರಿಗೆ ಕೈ ಹಾಕಿದ್ದರು. “ಚಾರ್ ವಾಜ್ತಾ ಯಾ,” ನಾಲ್ಕಕ್ಕೆ ಬನ್ನಿ ಅಂದರು.

“ಕಾಕಾ, ಇನ್ನಾ ಎರಡು ಮಿನಿಟ್ ಅದಾವಲ್ರಿ,” ಅಂದ ದೇವಾನಂದ ಮರಾಠಿಯಲ್ಲಿ.

“ಶಟರ್ ಇಳಿಸೋಕೆ ಎರಡು ಮಿನಿಟೇ ಬೇಕು,” ಅಂತ ಕಾಕಾ ಮರಾಠಿಯಲ್ಲೇ ಹೇಳಿ ಇಳಿಸಿಬಿಟ್ಟರು. ಶಟರಿನ ಮೇಲೆ ಫಲಕ ಇತ್ತು. ‘ಒಂದರಿಂದ ನಾಲ್ಕು ವಿಶ್ರಾಂತಿ. ಬಾಗಿಲು ಬಡಿದರೆ ಐದಕ್ಕೆ ತೆರೆಯಲಾಗುವುದು.’

ದೇವಾನಂದ ಮೂರು ತಾಸು ಮೆಟ್ಟಿಲ ಮೇಲೆ ಕೂತ. ಫೋನು ಮಾತ್ರ ವಿಶ್ರಾಂತಿ ತಗೊಳ್ಳಲಿಲ್ಲ. ಪ್ರಣವ ಮಾಡಿ “ಐ-ನೈನ್” ಅಂದ. ಅನುಸೂಯಾಬಾಯಿ ಮಾಡಿ “ಮೈದುನನ್ನ ಕೇಳಿದೆ, ಇನ್ನೂ ಡಬ್ಬಿ ಒಡದಿಲ್ಲಂತ, ಬೇಕಾದ್ರ ಅದನ್ನ ಕೊಡತಾನಂತ” ಅಂದರು. ರಂಗೂಬಾಯಿ ಮಾಡಿ “ನೀಲೀನೂ ಬ್ಯಾಡ, ದೂರಿಂದ ಕರೀದ ಕಾಣ್ತದ” ಅಂದರು. ದೇಸಾಯಿಯವರು ಮಾತ್ರ ಪ್ರೊಸೆಸರಿನ ಮಾತೇ ಎತ್ತದೆ “ಸಾಸವಡಕ್ಕ ನಾಳೆ ಟೆಂಪೋ ಹೋಗೂದದ” ಅಂತ ಸುದ್ದಿ ಕೊಟ್ಟು ಫೋನು ಇಟ್ಟರು.

ನಾಲ್ಕಕ್ಕೆ ಶಟರು ಎದ್ದಿತು. ಕಾಕಾ ಅವನ ಅಂಗಿಯನ್ನೂ ಚಪ್ಪಲಿಯನ್ನೂ ನೋಡಿ, “ನಿಮ್ಮ ಸಾಹೇಬರು ಚೀಟಿ ಕೊಟ್ಟಿದಾರಾ?” ಅಂದರು.

ಚೀಟಿ! ದೇವಾನಂದನ ಪಿತ್ತ ನೆತ್ತಿಗೇರಿತು. ಈ ಊರಿನ ಅರ್ಧ ಗೋಡೆ ಎಬ್ಬಿಸಿದ ಜನ ನಾವು, ನಮಗೆ ಚೀಟಿ ಬೇಕೇ?

“ಚೀಟಿ ಇಲ್ರಿ. ಕೇಳ್ರಿ ಇಲ್ಲಿ. ಪ್ರೊಸೆಸರ್ ಅಂದ್ರ ಗ್ವಾಡಿ ಕಟ್ಟೋ ಗೌಂಡಿ ಟೋಳಿ. ಒಬ್ಬನೇ ಗೌಂಡಿ ಎಷ್ಟ್ ಚುರುಕಿದ್ರೂ ಈ ಗ್ವಾಡಿ ಬಿಟ್ಟು ಆ ಗ್ವಾಡಿಗಿ ಓಡಬೇಕು. ನಮ್ಮ ಆಫೀಸಿನಾಗ ಹಾಜರಿ, ನಕ್ಷೆ, ನಾಕು ಸೈಟಿನ ಕ್ಯಾಮೆರಾ, ವಾಟ್ಸಾಪು, ಸಾಹೇಬ್ರ ವಿಡಿಯೋ, ಎಲ್ಲಾ ಒಮ್ಮಿಗೇ ನಡೀಲತ್ತಿರ್ತಾವ. ಗ್ವಾಡಿ ಭಾಳ, ಆದ್ರ ಒಂದೂ ಗೋಳಗುಮ್ಮಟ ಅಲ್ಲ. ಗೋಳಗುಮ್ಮಟ ಕಟ್ಟೋ ಐ-ನೈನ್ ಉಸ್ತಾದ ನನಗ್ಯಾಕ್ರಿ? ನನಗ ಟೋಳಿ ಬೇಕು. ಐ-ಫೈವ್, ಹತ್ತು ಕೋರಿಂದು. ಆರು ಮಂದಿ ದೊಡ್ಡ ಗೌಂಡಿ, ಸಣ್ಣಪುಟ್ಟ ಕೆಲಸಕ್ಕ ನಾಕು ಮಂದಿ ಸಣ್ಣ ಗೌಂಡಿ. ಉಳಿದ ರೊಕ್ಕಕ್ಕ ರ್ಯಾಮ್ ಹಾಕ್ರಿ, ಹದಿನಾರು. ರ್ಯಾಮ್ ಅಂದ್ರ ಗೌಂಡಿ ನಿಲ್ಲೋ ಬಿದಿರಿನ ಅಟ್ಟ, ಪರಾಂಚಿ. ಪರಾಂಚೀನೇ ಗೇಣುದ್ದ ಇದ್ರ ಹತ್ತು ಮಂದಿ ಎಲ್ಲಿ ನಿಲ್ತಾರ, ನಿಮ್ಮ ತಲಿಮ್ಯಾಲಾ?”

ಕಾಕಾ ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡರು.

“ಇಂಜಿನಿಯರಾ?”

“ಎಂಟನೇ ಇಯತ್ತೆ.”

ಕಾಕಾ ಎದ್ದುಹೋಗಿ ತಾವೇ ಒಂದು ಲೋಟ ನೀರು ತಂದುಕೊಟ್ಟರು. ಆ ದುಕಾನಿನಲ್ಲಿ ಗಿರಾಕಿಗೆ ನೀರು ಸಿಕ್ಕಿದ್ದು ಅದೇ ಮೊದಲು, ಅದೇ ಕೊನೆ. ಆಮೇಲೆ ಮಾಳಿಗೆ ಹತ್ತಿ, ಅಟ್ಟದ ಧೂಳು ಕುಡಿದು, ಕರೀದು ಬ್ಯಾಡ ಅಂದದ್ದಕ್ಕೆ ಇದ್ದದ್ದೊಂದೇ ಬಿಳಿ ಕ್ಯಾಬಿನೆಟ್ಟನ್ನೂ ಇಳಿಸಿಕೊಟ್ಟರು.

ಜೋಡಿಸಿ ಮುಗಿಸುವಷ್ಟರಲ್ಲಿ ಆರು ಗಂಟೆ. ದೇವಾನಂದ ಕಂಪ್ಯೂಟರನ್ನು ಅವ್ವ ಹೊಲಿದ ಕೌದಿಯಲ್ಲಿ ಸುತ್ತಿ, ಸ್ಕೂಟರಿನ ಮುಂದೆ ಕಾಲ ಮಧ್ಯೆ ಕೂಡಿಸಿಕೊಂಡು, ಹಬ್ಬದ ಟ್ರಾಫಿಕ್ಕಿನಲ್ಲಿ ಬಾಣಂತಿಯನ್ನು ಕರೆತರುವವನ ಹಾಗೆ ಬಂದ. ಸಿಗ್ನಲ್ಲಿನಲ್ಲಿ ಒಬ್ಬಾಕೆ “ಮಗೂಗೆ ಎಷ್ಟು ತಿಂಗಳು?” ಅಂತ ಕೇಳಿದಳು. “ಹತ್ತು ಕೋರು,” ಅಂದ ದೇವಾನಂದ, ಎದೆ ಉಬ್ಬಿಸಿ.

ಏಳೂಕಾಲಿಗೆ ಆಫೀಸಿಗೆ ಕಾಲಿಟ್ಟರೆ ಎಲ್ಲರೂ ಹಳೆಯ ಕಂಪ್ಯೂಟರಿನ ಸುತ್ತ ನಿಂತಿದ್ದರು. ಸತ್ತ ಮಿದುಳಿನ ಆ ಯಂತ್ರ ಕುದುರೆಯ ಹಾಗೆ ಓಡುತ್ತಿತ್ತು.

“ಬಾ ದೇವಾನಂದ,” ಅಂದ ಪ್ರಣವ, ಮದುಮಗನನ್ನು ಕರೆದಂತೆ. “ಹಳೇ ಫೈಲ್ ತಗೀಬೇಕಂತ ಇದನ್ನ ಬಿಚ್ಚಿದೆ. ಒಳಗ ಏನ್ ಸಿಕ್ಕತು, ನೋಡ್ಕೋ.”

ಮೇಜಿನ ಮೇಲೆ ಪೇಪರು ಹಾಸಿತ್ತು. ಅದರ ಮೇಲೆ ಪಾವು ಕುಂಕುಮ, ಒಂದು ಹಿಡಿ ಅಕ್ಕಿ, ಒಣಗಿದ ಶಾವಂತಿಗೆ, ಊದಿನಕಡ್ಡಿಯ ನಾಲ್ಕು ತುಂಡು. ಏಳು ಖಂಡೇನವಮಿ ಅಲ್ಲಿ ಸಾಲಾಗಿ ಮಲಗಿದ್ದವು.

“ಮ್ಯಾಲಿನ ಜಾಳಗಿಯೊಳಗಿಂದ ಸೀದಾ ಫ್ಯಾನಿನ ಮ್ಯಾಲೆ. ಫ್ಯಾನ್ ತಿರಗಲಾರದಕ್ಕ ಪ್ರೊಸೆಸರ್ ಕಾದು ಕಾದು ನಿಲ್ತಿತ್ತು. ಬ್ರಶ್ಶಿಲೆ ಝಾಡಿಸಿದೆ, ಓಡಲಿಕ್ಕತ್ತು.”

“ಇಷ್ಟು ಭಕ್ತಿ ಯಾರದೋ?” ಅಂತ ಅನುಸೂಯಾಬಾಯಿ ಕೇಳಿದರು, ಗೊತ್ತಿದ್ದೂ.

ದೇವಾನಂದ ತಾನು ತಂದದ್ದನ್ನು ಮೇಜಿನ ಮೇಲಿಟ್ಟ. ಕೌದಿ ಬಿಚ್ಚಿದ, ವಾಯರು ಜೋಡಿಸಿದ, ಗುಂಡಿ ಒತ್ತಿದ. ಹಾಜರಿ ತೆರೆದ, ನಕ್ಷೆ ತೆರೆದ, ನಾಲ್ಕು ಕ್ಯಾಮೆರಾ ತೆರೆದ, ಬಿಲ್ಡರನಿಗೆ ವಿಡಿಯೋ ಹಚ್ಚಿದ. ಹತ್ತು ಗೌಂಡಿಗಳು ಪರಾಂಚಿ ಏರಿ ನಿಂತರು. ಒಂದು ಕಿಟಕಿಯೂ ತಡವರಿಸಲಿಲ್ಲ. ದೇಸಾಯಿಯವರು ಬಾಯಿ ತೆರೆದರು, ಬಿಲ್ಡರನಿಗೆ ಅದು ಮುಚ್ಚಿದ್ದೂ ಕಂಡಿತು. ಹಳೆಯದು ಕುದುರೆಯಾದರೆ ಇದು ಬಿರುಗಾಳಿ. ಪ್ರಣವನ ಗಾಜಿನ ಡಿಗ್ರಿ ಗೋಡೆಯ ಮೇಲೆ ಸಣ್ಣದಾಗಿ ಕಂಡಿತು.

“ಶಾಬಾಸ್!” ಅಂದರು ದೇಸಾಯಿ. “ಆರಸೂದಂದ್ರ ಹಿಂಗ ಆರಸಬೇಕು. ಕುರ್ಚಿ ನಿಂದು, ಇನ್‌ಚಾರ್ಜ್ ನೀನ. ಕೂಡು.”

ದೇವಾನಂದ ಕೂತ. ಕಾಲು ಮೇಲೆತ್ತಿ ಒಂದು ಸುತ್ತು ಸುತ್ತಿದ. ಗೋಡೆ, ಡಿಗ್ರಿ, ಅನುಸೂಯಾಬಾಯಿ, ಪ್ರಣವ, ಎಲ್ಲ ಅವನ ಸುತ್ತ ತಿರುಗಿದರು. ಎರಡನೆಯ ಸುತ್ತಿನ ನಡುವೆ ದೇಸಾಯಿಯವರ ಮಾತು ಮುಂದುವರಿಯಿತು.

“ಆದ್ರ ಹಳೇದೂ ಓಡಲಿಕ್ಕತ್ತದಲ್ಲ, ಒಂದ ಆಫೀಸಿಗೆ ಎರಡು ಯಾಕ? ಹೊಸಾದನ್ನ ಇಲ್ಲೆ ಪ್ರಣವ ನೋಡ್ಕೋತಾನ. ನಾಳೆ ದಸರಾ, ಸೀಮೋಲ್ಲಂಘನಕ್ಕ ಇದಕ್ಕಿಂತ ಚೊಲೋ ದಿನ ಇಲ್ಲ. ಹಳೇದು ತಗೊಂಡು ಸಾಸವಡಕ್ಕ ಹೋಗು, ಅಲ್ಲೆ ಆಫೀಸ್ ತಗಿ. ಕುರ್ಚೀನೂ ಟೆಂಪೋದಾಗ ಹಾಕಸ್ತೀನಿ.”

ಕುರ್ಚಿ ನಿಂತಿತು. “ಸಾಹೇಬ್ರ, ಬರೋಬ್ಬರಿ ಆರಿಸಿದ್ರ ಕುರ್ಚಿ, ತಪ್ಪಿದ್ರ ಸಾಸವಡ ಅಂದಿದ್ರಿ.”

“ಹೌದಲ್ಲ? ಆರಿಸಿದ್ದು ಬರೋಬ್ಬರಿ. ಕುಂಕುಮ ತುಂಬಿದ್ದು ತಪ್ಪು. ಎರಡೂ ಕೆಲಸ ಒಮ್ಮೆಲೆ ಆಗಿಹೋಗ್ಲಿ. ಕಂಪ್ಯೂಟರ್ ಅಂದ್ರ ಎಲ್ಲಾ ಕೆಲಸ ಒಮ್ಮೆಲೆ ನಡೀಬೇಕಂತ ನೀನ ಹೇಳ್ತಿರ್ತೀಯಲ್ಲ.”

ಪೂಜೆ ಶುರುವಾಯಿತು. ಹೊಸ ಕಂಪ್ಯೂಟರಿನ ಜಾಳಿಗೆಗೆ ಪ್ರಣವ ಮೊದಲೇ ಪ್ಲಾಸ್ಟಿಕ್ ಅಂಟಿಸಿದ್ದ. ದೇವಾನಂದ ಅದಕ್ಕೆ ಒಂದೇ ಒಂದು ಚುಕ್ಕೆ ಇಟ್ಟ. ಹಳೆಯದಕ್ಕೂ ಒಂದೇ ಚುಕ್ಕೆ ಇಟ್ಟು, ಕಡ್ಡಿ ಬೆಳಗಿ, ಹಿಂದೆ ಸರಿದು ಕುರ್ಚಿಯಲ್ಲಿ ಕೂತ.

ರಂಗೂಬಾಯಿಯವರಿಗೆ ಅದು ಸರಿಬರಲಿಲ್ಲ. “ಊರು ಬಿಟ್ಟು ಹೊಂಟದ ಬಡಪಾಯಿ. ಒಂದು ಚುಕ್ಕಿ ಯಾ ಮೂಲಿಗೆ ಸಾಲ್ತದ?”

“ಬ್ಯಾಡ್ರಿ ಅವ್ವಾರ!”

ಅವನು ಕುರ್ಚಿ ಸಮೇತ ಉರುಳಿ ಬರುವಷ್ಟರಲ್ಲಿ ಅವರ ಹಿಡಿ ಬಿಚ್ಚಿತ್ತು. ಕುಂಕುಮವೆಲ್ಲ ಹಳೆಯದರ ಜಾಳಿಗೆಯೊಳಗೆ ಇಳಿಯಿತು. ಒಳಗೆ ಫ್ಯಾನು ಘರ್ರ್ ಅಂದು ನಿಂತಿತು. ಅದರ ಪರದೆಯ ಮೇಲೆ ಆಗ ತೆರೆದಿದ್ದದ್ದು ಸಾಸವಡದ ಕ್ಯಾಮೆರಾ. ತಗಡಿನ ಶೆಡ್ಡು, ಎರಡು ನಾಯಿ. ಎರಡೂ ಇತ್ತ ಮುಖ ಮಾಡಿ, ಬಾಲ ಎತ್ತಿದ್ದು ಎತ್ತಿದ ಹಾಗೆಯೇ ನಿಂತುಬಿಟ್ಟವು.